ನನ್ನ ಕತ್ತಿನ ಭವಿಷ್ಯ

ಮನುಷ್ಯನಿಗೆ ಕತ್ತು ಅಂತ ಒಂದಿದೆ ಎಂಬುದು ಅದು ಸರಿಯಾಗಿರುವ ತನಕ ಗೊತ್ತಾಗುವುದಿಲ್ಲ. ನನಗೆ ಗೊತ್ತಾದದ್ದು ಸಿಗ್ನಲ್ಲಿನ ಕೆಂಪು ದೀಪದ ಎದುರಿಗೆ. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅಂದು ನನ್ನ ಶಿಷ್ಯೆ, ಒಬ್ಬ ನಿವೃತ್ತ ನರ್ಸ್, ಒಂದು ತಿಂಗಳ ಪಾಠದಲ್ಲಿ ಮೊದಲ ಬಾರಿಗೆ ಕಾರನ್ನು ಗೆರೆಯ ಹಿಂದೆ ಚೊಕ್ಕವಾಗಿ ನಿಲ್ಲಿಸಿದ್ದರು. ಭೇಷ್ ಎನ್ನಲು ಬಾಯಿ ತೆರೆದದ್ದೇ ತಡ, ಹಿಂದಿನಿಂದ ಒಂದು ವ್ಯಾನು ಬಂದು ಗುದ್ದಿತು. ನನ್ನ ತಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಪ್ರವಾಸ ಹೋಗಿ ಬಂತು. ಶಿಷ್ಯೆಗೆ ಏನೂ ಆಗಲಿಲ್ಲ. (ಅವರು ಕನ್ನಡಿಯಲ್ಲಿ ವ್ಯಾನು ಬರುವುದನ್ನು ನೋಡಿ ಗಟ್ಟಿಯಾಗಿ ಕೂತಿದ್ದರಂತೆ. ಕನ್ನಡಿ ನೋಡಬೇಕೆಂದು ಕಲಿಸಿದವನು ನಾನೇ.)

ಎಕ್ಸ್‌ರೇಯಲ್ಲಿ ಮೂಳೆಗಳು ನೆಟ್ಟಗಿದ್ದವು, ಸ್ನಾಯುಗಳು ಮಾತ್ರ ಜಗ್ಗಿದ್ದವು. ಫಿಸಿಯೋಥೆರಪಿ ಮೇಡಂ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಕೂರಬೇಡಿ, ಮೆಲ್ಲಗೆ ಆಡಿಸುತ್ತಿರಿ ಎಂದು ಹೇಳಿ ಒಂದು ಫಾರ್ಮು ಕೊಟ್ಟರು. ನೋವು ಹತ್ತರಲ್ಲಿ ಎಷ್ಟು? ನಿದ್ದೆ ಹೇಗೆ? ಪೂರ್ತಿ ಗುಣವಾಗುತ್ತದೆಂಬ ನಂಬಿಕೆ ಹತ್ತರಲ್ಲಿ ಎಷ್ಟು? ಮೊದಲ ವಾರಗಳ ಉತ್ತರ ನೋಡಿದರೆ, ವರ್ಷದ ಮೇಲೆ ಕತ್ತು ಹೇಗಿರುತ್ತದೆಂದು ಸುಮಾರಾಗಿ ಊಹಿಸಬಹುದಂತೆ.

ನನ್ನ ಹೆಂಡತಿ ಗಣಿತದ ಟೀಚರ್. ಅಂಕಿ ಎಂದರೆ ಸಾಕು, ಅವಳಿಗೆ ಹಸಿವೂ ಮರೆತುಹೋಗುತ್ತದೆ. ಅಂದೇ ಸಂಜೆ ಫ್ರಿಜ್ಜಿನ ಬಾಗಿಲಿಗೆ ಗ್ರಾಫ್ ಹಾಳೆ ಅಂಟಿಸಿ, ಇವತ್ತೆಷ್ಟು ಎಂದು ಕೇಳಿದಳು. ಏಳು ಎಂದೆ. ಅದು ಸತ್ಯವಾಗಿತ್ತು. ಕೂಡಲೇ ಬಿಸಿನೀರಿನ ಚೀಲ, ಎರಡು ದಿಂಬು, ಕಾಫಿ, ಟಿವಿಯ ರಿಮೋಟು ನನ್ನ ಸನ್ನಿಧಿಗೆ ಬಂದವು.

ವಾರ ಕಳೆಯುವಷ್ಟರಲ್ಲಿ ನೋವು ಐದಕ್ಕೆ ಇಳಿಯಿತು. ಆದರೆ ಐದು ಎಂದರೆ ಒಗೆದ ಬಟ್ಟೆ ಮಡಚುವ ಕೆಲಸ ಮರಳಿ ಬರುತ್ತದೆಂದು ನನ್ನ ಒಳಮನಸ್ಸು ಎಚ್ಚರಿಸಿತು. ಅಳದಿದ್ದರೆ ಹೆತ್ತ ತಾಯಿಯೇ ಹಾಲು ಕೊಡುವುದಿಲ್ಲ, ಇನ್ನು ಹೆಂಡತಿ ಕಾಫಿ ಕೊಡುತ್ತಾಳೆಯೇ? ಎಂಟು ಎಂದೆ. ನಂಬಿಕೆ ಎಷ್ಟೆಂದು ಕೇಳಿದಾಗ ದೊಡ್ಡದೊಂದು ನಿಟ್ಟುಸಿರು ಬಿಟ್ಟು ಎರಡು ಎಂದೆ. ಅಲ್ಲಿಂದ ಪ್ರತಿದಿನ ಎಂಟು, ಎರಡು. ಅವಳು ನಾನು ಹೇಳಿದಲ್ಲೇ ಚುಕ್ಕಿ ಇಡುತ್ತಿದ್ದಳು.

ಆರನೆಯ ವಾರ ಹೆಂಡತಿಯೂ ಜೊತೆಗೆ ಬಂದು ಫ್ರಿಜ್ಜಿನ ಹಾಳೆಯನ್ನು ಮೇಡಂ ಮುಂದಿಟ್ಟಳು. ಅದನ್ನು ನೋಡಿದ ಮೇಡಂ ಮುಖ ಸಣ್ಣದು ಮಾಡಿಕೊಂಡರು.

"ಆರು ವಾರ ಆದ್ರೂ ನೋವು ಇಳಿದಿಲ್ಲ, ವಾಸಿ ಆಗುತ್ತೆ ಅನ್ನೋ ನಂಬಿಕೇನೂ ಇಲ್ಲ. ಇಂಥವ್ರಿಗೆ ತುಂಬಾ ನಿಧಾನ ಸರ್, ವರ್ಷಾನೂ ಹಿಡೀಬಹುದು. ನಿಮ್ಮದು ಹಿಂದೆ ತಿರುಗಿ ನೋಡೋ ಕೆಲಸ ಬೇರೆ. ಆಫೀಸಲ್ಲಿ ಕೂರೋ ಕೆಲಸ ಕೊಡಿ ಅಂತ ನಿಮ್ಮ ಮಾಲೀಕರಿಗೆ ಪತ್ರ ಬರೀತೀನಿ."

ಆರು ವಾರದಿಂದ ನನ್ನ ಸೀಟಿನಲ್ಲಿ ಕೂತಿರುವವನು ನನ್ನ ಭಾವಮೈದ. ಪತ್ರ ಹೋದರೆ ಅವನೇ ಅಲ್ಲಿ ಕಾಯಂ. ಇಪ್ಪತ್ತೆರಡು ವರ್ಷ ನಾನು ಆ ಸೀಟಿನಲ್ಲಿ ಕೂತಿದ್ದೇನೆ. ಗೇರು ಹಾಕಲು ಕೈ ನಡುಗುತ್ತಿದ್ದವರು ಒಂದು ದಿನ ತಾವೇ ಕಾರು ಓಡಿಸಿಕೊಂಡು ಹೋಗುವುದನ್ನು ನೋಡುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದು ಹೋಗುತ್ತದೆಂದು ನಿಜಕ್ಕೂ ಭಯವಾಯಿತು. ನೋವು ಎಂಟಲ್ಲ, ಎರಡೇ ಎಂದು ಮೇಡಂ ಮುಂದೆ ತಪ್ಪೊಪ್ಪಿಕೊಂಡೆ. ಅವರು ಕನಿಕರದಿಂದ ನಕ್ಕು, ಕೆಲಸ ಹೋಗುತ್ತದೆಂದು ಹೆದರಿ ಬಹಳ ಜನ ಹೀಗೆಯೇ ಹೇಳುತ್ತಾರೆ ಎಂದು ಪೆನ್ನು ತೆಗೆದು ಪತ್ರ ಬರೆಯತೊಡಗಿದರು. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ.

ಆಗ ಹೆಂಡತಿ ತನ್ನ ಬ್ಯಾಗಿನಿಂದ ಇನ್ನೊಂದು ಗ್ರಾಫ್ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು.

"ಫ್ರಿಜ್ ಮೇಲಿದ್ದದ್ದು ಇವ್ರು ಹೇಳಿದ್ದು ಮೇಡಂ. ಇದು ನಾನು ನೋಡಿದ್ದು."

ಹನ್ನೊಂದನೆಯ ದಿನ, ಪಕ್ಕದ ಮನೆಯವರು ಕಾರು ರಿವರ್ಸ್ ತೆಗೆಯುವಾಗ ನಾನು ಕಿಟಕಿಯಿಂದ ಕತ್ತು ಚಾಚಿ ಎಡಕ್ಕೆ, ಎಡಕ್ಕೆ ಎಂದು ಕೂಗಿದ್ದು. ಹತ್ತೊಂಬತ್ತನೆಯ ದಿನ, ಮೇಲಿನ ಕಪಾಟಿನ ಬಿಸ್ಕತ್ತಿನ ಡಬ್ಬಿಗಾಗಿ ತಲೆಯೆತ್ತಿ ಹುಡುಕಿದ್ದು. ದಿನಾಂಕ, ಗಂಟೆ, ತಿರುಗಿದ ಕೋನ, ಎಲ್ಲವೂ ದಾಖಲಾಗಿದ್ದವು. ನೋವಿನ ಗೆರೆ ಅವಳ ಲೆಕ್ಕದಲ್ಲಿ ಚೆನ್ನಾಗಿ ಇಳಿದು ಒಂದಕ್ಕೆ ಬಂದಿತ್ತು. ಮೇಡಂ ನನ್ನ ಕತ್ತನ್ನು ಎರಡೂ ಕಡೆ ತಿರುಗಿಸಿ ನೋಡಿ, ಪತ್ರ ಹರಿದರು. ಎರಡು ವಾರ ಬಿಟ್ಟು ಬನ್ನಿ, ಕೆಲಸಕ್ಕೆ ಕಳಿಸುತ್ತೇನೆ ಎಂದರು.

ಹೊರಗೆ ಬಂದ ಮೇಲೆ, ಎಲ್ಲ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಮೊದಲ ವಾರ ನಿಜವಾಗ್ಲೂ ಹೆದರಿದ್ದೆ ರೀ. ಅದಕ್ಕೇ ಬರೆದಿಡೋಕೆ ಶುರು ಮಾಡ್ದೆ," ಎಂದಳು. "ಆಮೇಲೆ ನೋಡಿದ್ರೆ, ನಾನು ಕರೆದಾಗೆಲ್ಲ ನೀವು ಕತ್ತು ನೋವು ಅಂತ ಇಡೀ ಮೈ ತಿರುಗಿಸಿ, ನನ್ನ ಎದುರಿಗೇ ಕೂತು ಮಾತು ಕೇಳ್ತಿದ್ರಿ. ಮದುವೆ ಆದಾಗಿಂದ ಒಂದಿನಾನೂ ಹಾಗೆ ಕೇಳಿರ್ಲಿಲ್ಲ. ಇನ್ನೊಂದಿಷ್ಟು ದಿನ ಇರ್ಲಿ ಅನ್ನಿಸ್ತು."

ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಅಕ್ಕರೆಯೂ ಉಕ್ಕಿತು. ಕತ್ತು ಸರಿಹೋದರೂ ಅವಳು ಕರೆದಾಗ ಹಾಗೆಯೇ ತಿರುಗಬೇಕೆಂದು ನಿಶ್ಚಯಿಸಿ, ಎರಡು ವಾರ ಶ್ರದ್ಧೆಯಿಂದ ಪಾಲಿಸಿದೆ.

ಕೊನೆಯ ಪರೀಕ್ಷೆಯ ದಿನ ಎಡ, ಬಲ, ಮೇಲೆ, ಕೆಳಗೆ, ಎಲ್ಲದರಲ್ಲೂ ಪಾಸಾದೆ. ಪೂರ್ತಿ ಗುಣವಾಗುವ ನಂಬಿಕೆ ಎಷ್ಟೆಂದಾಗ ಹತ್ತು ಎಂದೆ, ಮನಸಾರೆ. ಮೇಡಂ ಕೆಲಸಕ್ಕೆ ಹೋಗಬಹುದೆಂಬ ಪತ್ರಕ್ಕೆ ಸಹಿ ಹಾಕಬೇಕು, ಅಷ್ಟರಲ್ಲಿ ಹಿಂದೆ ಕೂತಿದ್ದ ಹೆಂಡತಿ "ರೀ" ಎಂದಳು. ನಾನು ಕುರ್ಚಿಸಮೇತ ಇಡೀ ಮೈ ತಿರುಗಿಸಿ ಅವಳೆದುರು ಕೂತೆ.

ಮೇಡಂ ಪೆನ್ನು ಅಲ್ಲೇ ನಿಂತಿತು. ಕರೆದರೆ ಇನ್ನೂ ಹೀಗೇ ತಿರುಗುತ್ತೀರಾ, ಹಾಗಾದರೆ ಇನ್ನೂ ಹದಿನೈದು ದಿನ ವ್ಯಾಯಾಮ ಆಗಲೇಬೇಕು ಎಂದರು. ಇದು ನೋವಲ್ಲ ಮೇಡಂ, ಪ್ರೀತಿ ಎಂದು ನಾನು ಗೋಗರೆದೆ. ಅದಕ್ಕೆ ಫಾರ್ಮಿನಲ್ಲಿ ಜಾಗವಿಲ್ಲ ಎಂದರು. ನೀನಾದರೂ ಹೇಳೇ ಎಂದು ಹೆಂಡತಿಯ ಮುಖ ನೋಡಿದೆ. ಅವಳು ಈ ಸಲ ಬ್ಯಾಗಿಗೆ ಕೈ ಹಾಕಲಿಲ್ಲ.

"ಹದಿನೈದು ದಿನ ಏನು ಮಹಾ, ಆಗ್ಲಿ ಬಿಡಿ ಮೇಡಂ," ಎಂದಳು.