ಕಳೆದುಹೋದ ಕಟ್ಟು ಮತ್ತು ಐವತ್ತು ಚಕ್ಕುಲಿ

‘ಗೊತ್ತಿಲ್ಲ’ ಎಂಬ ಮೂರಕ್ಷರ ಮೇಷ್ಟರ ಬಾಯಿಂದ ಹೊರಡುವುದು ಹಲ್ಲು ಕೀಳಿಸಿಕೊಳ್ಳುವುದಕ್ಕಿಂತ ಕಷ್ಟ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕುಕ್ಕುಂದೂರಿನಿಂದ ಬರುತ್ತಿದ್ದ ಸುಮತಿ ಎಂಬ ಹುಡುಗಿ ಒಂದು ದಿನ, “ಸರ್, ಲೂಸ್ ಅಂದರೆ ಕಳೆದುಕೊಳ್ಳುವುದು ಅಲ್ವಾ? ಆ ಶಬ್ದ ಎಲ್ಲಿಂದ ಬಂದದ್ದು?” ಎಂದು ಕೇಳಿದಳು. ರೋಮಿನಲ್ಲಿ ಲೂಸಿಯಸ್ ಎಂಬ ಸರದಾರನಿದ್ದ, ಪಗಡೆಯಲ್ಲಿ ಮನೆ, ಕುದುರೆ, ಕೊನೆಗೆ ಚಪ್ಪಲಿಯನ್ನೂ ಸೋತ, ಅವನ ಹೆಸರೇ ಶಬ್ದವಾಯಿತು ಎಂದು ಕಣ್ಣು ಮಿಟುಕಿಸದೆ ಹೇಳಿಬಿಟ್ಟೆ. ತರಗತಿ ಪೂರ್ತಿ ಬರೆದುಕೊಂಡಿತು. ಅಷ್ಟಕ್ಕೇ ಬಿಡಬಾರದೆ? ಪರೀಕ್ಷೆಯಲ್ಲೂ ಅದನ್ನೇ ಕೇಳಿದೆ.

ಆ ಉತ್ತರಪತ್ರಿಕೆಗಳ ಕಟ್ಟನ್ನು ತಿದ್ದಲೆಂದು ಕಾಪುವಿನ ನನ್ನ ಮನೆಗೆ ಒಯ್ಯುತ್ತಿದ್ದೆ. ಕಾರ್ಕಳದ ಬಸ್ಸಿನಿಂದ ಉಡುಪಿಯಲ್ಲಿ ಇಳಿದು ಕಾಪು ಬಸ್ಸಿಗೆ ಕಾಲಿಡುವಾಗ ಕಂಕುಳು ಹಗುರವೆನಿಸಿತು. ಕಟ್ಟು ಇಲ್ಲ! ಮರುದಿನ ಅಂಕಪಟ್ಟಿ ಕೊಡದಿದ್ದರೆ ಖಾಯಂ ಕಾಗದಕ್ಕೆ ಸಹಿ ಇಲ್ಲವೆಂದು ಪ್ರಿನ್ಸಿಪಾಲರು ಹೇಳಿಟ್ಟಿದ್ದರು. ಬಸ್‌ಸ್ಟ್ಯಾಂಡಿನ ಟೈಂಕೀಪರ್ ಬಳಿ ಓಡಿದೆ.

“ಆ ಬಸ್ಸು ತಿರುಗಿ ಕಾರ್ಕಳಕ್ಕೆ ಹೋಯ್ತಲ್ಲ ಮಾರಾಯ್ರೆ! ಈಗ ಮಣಿಪಾಲ ದಾಟಿರ್ತದೆ. ಇನ್ನು ಆರು ಗಂಟೆಗೇ ಇಲ್ಲಿಗೆ. ಕೊರಗಜ್ಜನಿಗೆ ಚಕ್ಕುಲಿ ಹೇಳಿಕೊಳ್ಳಿ, ಕಳೆದದ್ದು ಸಿಗ್ತದೆ.”

ಮೂಢನಂಬಿಕೆಯ ಮೇಲೆ ಮಕ್ಕಳಿಂದ ಪ್ರಬಂಧ ಬರೆಸುತ್ತಿದ್ದವನು ನಾನು. ಆದರೂ ತುಳುನಾಡಿನ ಆ ದೈವಕ್ಕೆ ಒಂದು ಚಕ್ಕುಲಿಯಿಂದ ಶುರುಮಾಡಿದ ಹರಕೆ ಆರು ಗಂಟೆಗೆ ಮೂವತ್ತಾಗಿತ್ತು. ಬಸ್ಸು ಬರಲಿಲ್ಲ. ಆರೂ ಇಪ್ಪತ್ತಕ್ಕೆ ಐವತ್ತಾಯಿತು. ಆಗ ಬಂತು. ಕಂಡಕ್ಟರ್ ಕಟ್ಟನ್ನು ಎತ್ತಿ ಹಿಡಿದೇ ಇಳಿದ. “ಎಂತ ಸರ್ ನೀವು! ಮೀನಿನಕ್ಕ ಇದನ್ನು ಬುಟ್ಟಿಯ ಅಡಿಗೆ ಇಡಲಿಕ್ಕೆ ಹೊರಟಿದ್ರು. ನಾನು ಬೊಬ್ಬೆ ಹಾಕಿ ತೆಗೆಸಿದ್ದು.”

ಹೋದ ಜೀವ ಬಂದಂತಾಗಿ ಕಾಪು ಬಸ್ಸಿನಲ್ಲೇ ಕಟ್ಟು ಬಿಚ್ಚಿದೆ. ಮೂವತ್ತೇಳು ಮಂದಿ ಲೂಸಿಯಸ್ಸನ ಕಥೆಯನ್ನು ಶ್ರದ್ಧೆಯಿಂದ ಬರೆದಿದ್ದರು. ಒಬ್ಬನಂತೂ ಚಪ್ಪಲಿಯ ಬಣ್ಣವನ್ನೂ ಹೇಳಿದ್ದ. ಕೊನೆಯದು ಸುಮತಿಯದು: ‘ನಿಘಂಟಿನಲ್ಲಿ ನೋಡಿದೆ. ಇದು ಹಳೆಯ ಇಂಗ್ಲಿಷಿನದ್ದೇ ಶಬ್ದ. ಮೊದಲು ನಾಶವಾಗು ಎಂಬ ಅರ್ಥವಿತ್ತು. ಕಳೆದುಕೊಳ್ಳು ಎಂಬುದು ಆಮೇಲೆ ಬಂದದ್ದು. ಲೂಸಿಯಸ್ ಎಲ್ಲೂ ಸಿಗಲಿಲ್ಲ. ಯಾವುದು ಸರಿ, ಸರ್?’

ಕಟ್ಟನ್ನು ಹುಡುಕಿಕೊಟ್ಟ ಕೊರಗಜ್ಜನ ಮೇಲೇ ಸಿಟ್ಟು ಬಂತೆಂದರೆ ನನ್ನ ಕೃತಜ್ಞತೆಯನ್ನು ನೀವೇ ಊಹಿಸಿ. ಮನೆ ಸೇರಿ, ಕೆಂಪು ಪೆನ್ನು ಹಿಡಿದು ಉಳಿದವನ್ನೆಲ್ಲ ತಿದ್ದಿದೆ. ಕೊನೆಗೆ ಅವಳ ಉತ್ತರದ ಕೆಳಗೆ ‘ಎರಡೂ ಸರಿ’ ಎಂದು ಬರೆದು ಐದಕ್ಕೆ ಐದು ಅಂಕ ಕೊಟ್ಟೆ.

ಆ ತಿಂಗಳೇ ಕೆಲಸ ಖಾಯಂ ಆಯಿತು. ಸುಮತಿ ಮಾತ್ರ ಆಮೇಲೆ ಯಾವ ಶಬ್ದದ ಬಗ್ಗೆಯೂ ನನ್ನ ಬಳಿ ಕೇಳಲಿಲ್ಲ.