ಹಸಿವು ಹೆಚ್ಚಿಸುವ ಕಷಾಯ

ಜಗತ್ತಿನ ಯಾವ ಮಗುವಿಗೂ ಹಸಿವು ತರಿಸಬಲ್ಲೆ ಎಂದು ನಾನು ನಂಬಿದ್ದ ಕಾಲವದು. ಶಾಲೆಗೆ ಬಿಸಿಯೂಟ ಇನ್ನೂ ಬಂದಿರಲಿಲ್ಲ. ಹಾನುಬಾಳಿನ ಹತ್ತಿರ, ಕಾಫಿ ಎಸ್ಟೇಟಿನ ಪಕ್ಕದ ಶಾಲೆಯಲ್ಲಿ ನಾನು ಮೇಷ್ಟ್ರು. ನನ್ನ ಮಗ ಪ್ರಸನ್ನ ನನ್ನದೇ ಕ್ಲಾಸು. ಅನ್ನ ಕಂಡರೆ ಮೂಗು ಮುರಿಯುವ ಮಹಾನುಭಾವ!

ಗೋಡೆಗೆ ಹಾಲು, ಮೊಟ್ಟೆ, ಕ್ಯಾರೆಟ್ಟಿನ ಚಿತ್ರ ಅಂಟಿಸಿ ವಿಟಮಿನ್‌ಗಳ ಬಗ್ಗೆ ಭಾಷಣ ಬಿಗಿದೆ. ಕೊನೆಗೆ ಅಮೃತಬಳ್ಳಿ, ನೆಲಬೇವು ಕುದಿಸಿದ ಕಷಾಯದ ಸೀಸೆ ಎತ್ತಿ ಹಿಡಿದೆ. "ಇದನ್ನು ಕುಡಿದರೆ ಹೊಟ್ಟೆ ತಾನಾಗಿಯೇ ಊಟ ಕೇಳುತ್ತದೆ! ಸಾಕ್ಷಿಗೆ ನನ್ನ ಮಗನನ್ನೇ ನೋಡುತ್ತಿರಿ."

ಎಸ್ಟೇಟ್ ಸ್ಟೋರಿನಿಂದ ಕಾಫಿ ಮೂಟೆ ತೂಗುವ ತಕ್ಕಡಿ ತರಿಸಿ ಇಡೀ ಕ್ಲಾಸನ್ನು ತೂಗಿದೆ. ಅಂದಿನಿಂದ ಪ್ರಸನ್ನನ ಚೀಲದಲ್ಲಿ ಊಟದ ಡಬ್ಬಿಯ ಜೊತೆ ಕಷಾಯದ ಸೀಸೆಯೂ ಹೋಗತೊಡಗಿತು. ಸಂಜೆ ಎರಡೂ ಖಾಲಿ!

ಹೆಂಡತಿ ಗಿರಿಜಾಗೆ ಮಾತ್ರ ಅನುಮಾನ. "ಅಲ್ಲಾ ಕಣ್ರೀ, ಡಬ್ಬಿ ನೆಕ್ಕಿದಂಗೈತೆ. ಹುಡುಗನ ಪಕ್ಕೆಮೂಳೆ ಹಂಗೇ ಕಾಣ್ತೈತಲ್ಲ?"

"ವಿಜ್ಞಾನಕ್ಕೆ ಸ್ವಲ್ಪ ಸಮಯ ಕೊಡಬೇಕು" ಎಂದೆ ಗಂಭೀರವಾಗಿ.

ತಿಂಗಳಾದ ಮೇಲೆ ಮಕ್ಕಳ ತಂದೆತಾಯಿಯರನ್ನೆಲ್ಲ ಕರೆಸಿ ಮತ್ತೆ ತೂಗಿಸಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಕ್ಕಡಿ ನೋಡಿ ಕೂಗಿದ, "ಮೇಷ್ಟ್ರೇ, ನಿಮ್ಮುಡುಗ ಇಳ್ದುಬುಟ್ಟವ್ನೆ!" ತೂಕ ಏರಿದ್ದು ಅದೇ ಕ್ಲಾಸಿನ, ಕೂಲಿಯವರ ಲೈನ್ ಮನೆಯ ಸಾವಿತ್ರಿಯದು.

"ಏನಮ್ಮಾ ತಿಂತೀಯ ನೀನು?"

"ಪ್ರಸನ್ನನ ಡಬ್ಬಿ, ಸಾ. ಕಷಾಯ ನೀನು ಕುಡಿದ್ರೆ ಊಟಾನೂ ನಿಂಗೇ ಅಂದ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಾನ ಉಳಿಸಿಕೊಳ್ಳಲು ನಾನು ಬಾಯಿ ಹಾಕಿದೆ. "ನೋಡಿದಿರಾ? ಅಂತೂ ಮದ್ದು ಕೆಲಸ ಮಾಡಿತು!"

"ಮಾಡ್ತೈತೆ ಸಾ" ಎಂದಳು ಸಾವಿತ್ರಿ. "ಆದ್ರೆ ಲೈನಿಗೆ ಹೋದ್ಮೇಲೂ ಹಸಿವಾಗ್ತೈತೆ. ಅಲ್ಲಿ ಡಬ್ಬಿ ಇರಲ್ವಲ್ಲ."

ಅವಳ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗು ನಿಂತಿತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅವಳ ಹೊಟ್ಟೆಗೆ ಹಸಿವನ್ನು ನಾನು ಕಲಿಸಬೇಕಿತ್ತೇ?

ಮಾರನೆಯ ಬೆಳಿಗ್ಗೆ ಗಿರಿಜಾ ನನ್ನ ಡಬ್ಬಿಯನ್ನು ಪ್ರಸನ್ನನ ಚೀಲಕ್ಕೆ ಹಾಕಿದಳು. "ಇದು ಸಾವಿತ್ರಿಗೆ. ನಿನ್ನದು ನೀನೇ ತಿನ್ನಬೇಕು, ಗೊತ್ತಾಯ್ತಾ?" ಕಷಾಯದ ಸೀಸೆಯನ್ನು ನನ್ನೆದುರು ಕುಕ್ಕಿದಳು. "ನೀವು ಕಾಯಿಸಿದ್ದು ನೀವೇ ಕುಡೀರಿ."

ಕುಡಿದೆ. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಹೊಟ್ಟೆ ತಾಳ ಹಾಕತೊಡಗಿತು. ಹುಡುಗರೆಲ್ಲ ಹಲಸಿನ ಮರದಡಿ ಉಣ್ಣುವಾಗ ನಾನು ಗೋಡೆಯ ಮೇಲಿನ ಮೊಟ್ಟೆಯ ಚಿತ್ರ ನೋಡುತ್ತಾ ಕುಳಿತಿದ್ದೆ. ನನ್ನ ಮದ್ದು ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು!