ಎಡಕ್ಕೆ ತಿರುಗದ ಮೌನಯಾತ್ರೆ

ಹಾರ್ನ್ ಹೊಡೆಯುವವರನ್ನು ಬೈದು ಬರೆದೆ. ಬೈದು ಸುಮ್ಮನಿರಬಹುದಿತ್ತು. ಆದರೆ ಕೊನೆಯಲ್ಲಿ ನಾಲ್ಕು ಸಾಲಿನ ಜಾಗ ಉಳಿದಿತ್ತು! ಜಾಗ ಉಳಿದರೆ ಅಂಕಣಕಾರನಿಗೆ ಶಪಥ ಹೊಳೆಯುತ್ತದೆ. ಬರೆದೇಬಿಟ್ಟೆ: "ಬರುವ ಶುಕ್ರವಾರ ಮರಳುಗಾಡು ದಾಟಿ ಸಮುದ್ರದವರೆಗೆ ನಾನೂರ ಮೂವತ್ತು ಕಿಲೋಮೀಟರ್ ಕಾರು ನಡೆಸುತ್ತೇನೆ. ಒಂದು ಸಲವೂ ಹಾರ್ನ್ ಹೊಡೆಯುವುದಿಲ್ಲ. ಬೇಕಾದದ್ದು ಮನೋಬಲ! ನನ್ನ ಕಾರು ಒಂದೇ ಒಂದು ಸಲ 'ಪೀಂ' ಎಂದರೂ ನಾಲ್ಕು ವಾರ ಈ ಜಾಗವನ್ನು ಖಾಲಿ ಬಿಡುತ್ತೇನೆ!"

ಪತ್ರಿಕೆ ಬಂದ ಬೆಳಿಗ್ಗೆ ಹೆಂಡತಿ ಹೊಲಿಗೆ ಯಂತ್ರದ ಮೇಲೆ ಅದನ್ನು ಹರಡಿಕೊಂಡು ಓದಿದಳು. ಅವಳು ಟೈಲರ್. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಒಂದೇ ನೋಟಕ್ಕೆ ಹೇಳುವವಳು.

"ರೀ, ನಮ್ಮ ಬೀದಿ ದಾಟೋಷ್ಟರಲ್ಲಿ ನೀವು ಏಳು ಸಲ ಹಾರ್ನ್ ಹೊಡೀತೀರ."

"ಅದು ಹಳೇ ನಾನು!"

"ಹೊಸಬರು ಯಾವಾಗ ಬಂದ್ರು? ನನಗೆ ಪರಿಚಯಾನೇ ಮಾಡಿಸ್ಲಿಲ್ಲ."

ಎರಡೇ ದಿನದಲ್ಲಿ ಸಮುದ್ರದ ದಡದ ಒಂದು ಶಾಲೆಯಿಂದ ಹೆಡ್ ಮೇಡಂ ಫೋನ್ ಮಾಡಿದರು. ನಮ್ಮ ಮಕ್ಕಳು ನಿಮ್ಮ ದಾರಿ ಕಾಯುತ್ತಾರೆ, ನಾಲ್ಕು ಗಂಟೆಯೊಳಗೆ ಬಂದು ಮನೋಬಲದ ಬಗ್ಗೆ ಎರಡು ಮಾತಾಡಬೇಕು ಎಂದರು. ನಾನು ಎರಡೇ ಯಾಕೆ, ಇನ್ನೂರು ಆಡುತ್ತೇನೆ ಎಂದೆ.

ಗುರುವಾರ ಮಧ್ಯಾಹ್ನ ಅಭ್ಯಾಸಕ್ಕೆಂದು ತರಕಾರಿ ಅಂಗಡಿಯವರೆಗೆ ಕಾರು ತೆಗೆದೆ. ಹೋಗಿ ಬರುವುದರೊಳಗೆ ಐದು ಸಲ ಹಾರ್ನ್ ಹೊಡೆದಿದ್ದೆ. ಅದರಲ್ಲಿ ಒಂದನ್ನು ಹೊಡೆದದ್ದು ನಿಂತಿದ್ದ ಗೋಡೆಗೆ! ನನ್ನ ಹೆಬ್ಬೆರಳಿಗೂ ನನ್ನ ಅಂಕಣಕ್ಕೂ ಸಂಬಂಧವೇ ಇರಲಿಲ್ಲ.

ಆಗ ಆ ಪಾಪದ ಯೋಚನೆ ಬಂತು. ಹಾರ್ನ್ ವೈರನ್ನೇ ಕತ್ತರಿಸಿಬಿಟ್ಟರೆ?

ಮೆಕ್ಯಾನಿಕ್ಕನ್ನು ಕೇಳಬಹುದಿತ್ತು. ಆದರೆ ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಗ್ರಂಥಾಲಯದ ಬೆಂಚಿನ ಮೇಲೆ, ಒಬ್ಬನೇ. ಹಾಗೆ ಕಲಿತವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಇನ್ನೊಬ್ಬರನ್ನು ಕೇಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ! ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿ, ಪ್ಲಾಸ್ಟಿಕ್ ಕವರು ಬಿಚ್ಚಿ, ವೈರು ಹುಡುಕಿದೆ. ಕತ್ತರಿಸಲು ಕೈಗೆ ಸಿಕ್ಕಿದ್ದು ಹೆಂಡತಿಯ ಬಟ್ಟೆ ಕತ್ತರಿ. ಹಿಂದೊಮ್ಮೆ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೇ ಮೂರು ದಿನ ಮಾತಿಲ್ಲದ ಊಟ ಮಾಡಿದ್ದೆ. ಇರಲಿ, ಸಾಮಾಜಿಕ ಕಾರ್ಯ! ಕಚಕ್! ಗುಂಡಿ ಒತ್ತಿದೆ. ಸದ್ದಿಲ್ಲ. ವೈರಿನ ಬೆತ್ತಲೆ ತುದಿಯನ್ನು ಒಳಗೆ ತುರುಕಿ ಕವರು ಮುಚ್ಚಿದೆ. ಕತ್ತರಿಯನ್ನು ಇದ್ದಲ್ಲೇ ಇಟ್ಟೆ. ಮನೋಬಲ ಸಿದ್ಧವಾಯಿತು.

ಶುಕ್ರವಾರ ನಸುಕಿಗೆ ಗೆಳೆಯ ಬಂದ. ಅವನು ಗಡಿಯಾರ ರಿಪೇರಿ ಮಾಡುವವನು, ಎಲ್ಲರ ಬಾಯಲ್ಲೂ 'ಮುಳ್ಳು'. ಯಾವುದಕ್ಕೂ ಆತುರವಿಲ್ಲ, ಯಾವುದಕ್ಕೂ ತಡವೂ ಇಲ್ಲ. ಪ್ರಯಾಣಕ್ಕೆ ಅವನೇ ಸಾಕ್ಷಿ. ನಾವು ಹೊರಡುವಾಗ ಹೆಂಡತಿ ಕಿಟಕಿಯ ಬೆಳಕಿಗೆ ಕತ್ತರಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ನಾನು ಸರಸರನೆ ಹೋಗಿ ಕಾರು ಹತ್ತಿದೆ. ಅವಳು ಹೊರಗೆ ಬಂದು ಗೆಳೆಯನ ಕೈಗೆ ಚಹಾದ ಫ್ಲಾಸ್ಕು ಕೊಟ್ಟಳು. ಜೊತೆಗೆ ಏನೋ ಸಣ್ಣದನ್ನು ಅವನ ಜೇಬಿಗೆ ಹಾಕಿ, ಕಿವಿಯಲ್ಲಿ ಏನೋ ಹೇಳಿದಳು. ತಲೆನೋವಿನ ಮಾತ್ರೆ ಇರಬೇಕು ಎಂದುಕೊಂಡೆ. ಎಂಥ ಹೆಂಡತಿ!

ಮರಳುಗಾಡು ನನಗಾಗಿಯೇ ಮಾಡಿದಂತಿತ್ತು. ರಸ್ತೆ ಅಡಿಪಟ್ಟಿ ಇಟ್ಟು ಎಳೆದ ಗೆರೆ. ಎರಡೂ ಕಡೆ ಮರಳಿನ ದಿಬ್ಬಗಳು. ಅವುಗಳ ಬೆನ್ನ ಮೇಲೆ ಗಾಳಿ ರಾತ್ರಿಯೆಲ್ಲ ಬಾಚಣಿಗೆ ಆಡಿಸಿತ್ತು. ಬಿಸಿಲು ಏರಿದಂತೆ ದಿಬ್ಬಗಳು ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ಬಿಳಿಗೆ ಹೋದವು. ಎದುರಿಗೆ ಒಂದು ನರಪಿಳ್ಳೆ ಇಲ್ಲ. ಎರಡು ಗಂಟೆ ಯಾರಿಗೂ ಹಾರ್ನ್ ಹೊಡೆಯದೆ ಸಂಯಮ ಮೆರೆದೆ.

"ನೋಡಿದ್ಯಾ? ನೂರ ಐವತ್ತು ಕಿಲೋಮೀಟರ್! ಒಂದು ಪೀಂ ಇಲ್ಲ!"

"ಯಾರಿಗೆ ಹೊಡೀಬೇಕಿತ್ತು?" ಎಂದ ಮುಳ್ಳು.

ಉತ್ತರವನ್ನು ದೇವರೇ ಕಳಿಸಿದ. ರಸ್ತೆಯ ತುಂಬ ಮೇಕೆಗಳು. ನಿಂತಿರಲಿಲ್ಲ, ಮಲಗಿದ್ದವು! ಟಾರು ಬೆಚ್ಚಗಿತ್ತು ಎಂದು ಕಾಣುತ್ತದೆ. ಕಾರು ನಿಲ್ಲಿಸಿ ಕಾದೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಮುಳ್ಳು ಇಳಿದು ಚಪ್ಪಾಳೆ ತಟ್ಟಲು ಹೋದ. "ಅದೂ ಶಬ್ದವೇ!" ಎಂದು ತಡೆದೆ. ಕೊನೆಗೆ ಮೇಕೆ ಕಾಯುವ ಅಜ್ಜಿ ದಿಬ್ಬದ ಹಿಂದಿನಿಂದ ಬಂದಳು.

"ಯಾಕಪ್ಪಾ, ಗಾಡಿ ಕೆಟ್ಟುಹೋಯ್ತಾ?"

"ಇಲ್ಲಜ್ಜಿ. ನಾವು ಹಾರ್ನ್ ಹೊಡೆಯೋದಿಲ್ಲ. ತತ್ವ!"

"ಅಯ್ಯೋ, ಹೊಡಿಯಪ್ಪಾ! ಅದು ಕೇಳಿದ್ರೆ ತಾನೇ ಇವು ಏಳೋದು. ನಾನು ಎಬ್ಬಿಸಿದ್ರೆ ನನ್ನ ಸೊಂಟ ಹೋಗುತ್ತೆ."

ನಾನು ಕಾರಿನಿಂದಿಳಿದು ಶಬ್ದಮಾಲಿನ್ಯದ ಬಗ್ಗೆ ವಿವರಿಸಿದೆ. ಆಧಾರಕ್ಕೆ ಅಂಕಣದ ಹಾಳೆಯನ್ನೇ ಹಿಡಿದು ಓದಿ ತೋರಿಸಿದೆ. 'ಮನೋಬಲ' ಎಂಬಲ್ಲಿಗೆ ಬರುವಷ್ಟರಲ್ಲಿ ಪಕ್ಕದ ಮೇಕೆಯೊಂದು ಎದ್ದು, ಹಾಳೆಯನ್ನು ಕೈಯಿಂದ ಎಳೆದು, ನಿಧಾನವಾಗಿ ಅಗಿದು ನುಂಗಿತು. ನನ್ನ ಬರಹವನ್ನು ಪೂರ್ತಿ ಜೀರ್ಣಿಸಿಕೊಂಡ ಓದುಗರನ್ನು ನಾನು ಕಂಡದ್ದು ಅದೇ ಮೊದಲು. ಒಂದು ಎದ್ದಿತೆಂದು ಉಳಿದವೂ ಎದ್ದವು. ದಾರಿ ಸಿಕ್ಕಿತು.

"ಗೆದ್ದೆವು!" ಎಂದೆ.

"ಮೇಕೆ ಗೆದ್ದಿತು," ಎಂದ ಮುಳ್ಳು.

ಆಮೇಲೆ ನಲವತ್ತು ಕಿಲೋಮೀಟರ್ ಕೆಟ್ಟ ರಸ್ತೆ. ಬಟ್ಟೆ ಒಗೆಯುವ ಕಲ್ಲಿನ ಹಾಗೆ ಗೀರುಗೀರಾಗಿತ್ತು. ಹಲ್ಲು, ಬಾಗಿಲು, ಫ್ಲಾಸ್ಕಿನ ಮುಚ್ಚಳ ಎಲ್ಲವೂ ತಟಪಟ. ನಾನು ಒಳಗೆ ತುರುಕಿದ್ದ ವೈರಿನ ತುದಿಯೂ ಆಗಲೇ ಜಾರಿ ಹೊರಬಂದಿರಬೇಕು. ಅದು ನನಗೆ ಗೊತ್ತಾದದ್ದು ಘಟ್ಟದಲ್ಲಿ.

ಮರಳುಗಾಡು ಮುಗಿದು ರಸ್ತೆ ಬೋಳು ಬಂಡೆಗಳ ನಡುವೆ ಸಮುದ್ರದ ಕಡೆ ಸುತ್ತಿಸುತ್ತಿ ಇಳಿಯುತ್ತದೆ. ಮೊದಲ ತಿರುವಿನಲ್ಲೇ ದೊಡ್ಡ ಹಲಗೆ: 'ಅಪಾಯದ ತಿರುವು. ಹಾರ್ನ್ ಮಾಡಿ.'

"ನೋಡೋ ಇದನ್ನ! ಸರ್ಕಾರವೇ ಜನರನ್ನ ಕೆಡಿಸ್ತಿದೆ! ನಾನು ಮಾಡಲ್ಲ!" ಎಂದು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದೆ.

ಪೀಂಂಂಂ!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ಟೀರಿಂಗ್ ನೆಟ್ಟಗಾದದ್ದೇ ಸದ್ದು ನಿಂತಿತು.

"ನೀನಾ?"

"ನಾನಲ್ಲ! ಎರಡೂ ಕೈ ಅಂಚಿನಲ್ಲಿದ್ವು!"

"ಹೌದು, ನಾನೂ ನೋಡಿದೆ. ಮತ್ತೆ ಯಾರು?"

"ತಾಂತ್ರಿಕ ದೋಷ!"

ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಮೈ ಉರಿಯಿತು. ಹೋದ ವರ್ಷ ನಮ್ಮ ಬಡಾವಣೆಗೆ ಹನ್ನೊಂದು ದಿನ ನೀರು ಬಾರದಿದ್ದಾಗ ಅಧಿಕಾರಿ ಹೇಳಿದ್ದೂ ಇದೇ ಎರಡು ಪದ. ಅವನ ಮೇಲೆ ಮೂರು ವಾರ ಬರೆದಿದ್ದೆ. "ದೋಷಕ್ಕೆ ಕೈಯಿಲ್ಲ ಸ್ವಾಮೀ, ಅದರ ಹಿಂದಿರುವ ಕೈ ತೋರಿಸಿ!" ಎಂದು ಗುಡುಗಿದ್ದೆ. ಈಗ ಆ ಕೈ ಸ್ಟೀರಿಂಗ್ ಹಿಡಿದು ಬೆವರುತ್ತಿತ್ತು.

"ನಿಲ್ಸು," ಎಂದ ಮುಳ್ಳು. "ಕೆಳಗೆ ಯಾವುದೋ ವೈರು ಕಬ್ಬಿಣಕ್ಕೆ ತಾಗ್ತಿದೆ. ಎರಡು ನಿಮಿಷದ ಕೆಲಸ."

"ಬೇಡ!"

"ಯಾಕೋ?"

ಯಾಕೆ ಎಂದು ಹೇಗೆ ಹೇಳಲಿ? ಕವರು ಬಿಚ್ಚಿದರೆ ಕತ್ತರಿಯ ಗುರುತು ಕಾಣುತ್ತದೆ. ಶಪಥ ಮುರಿದವನು ಎನ್ನಿಸಿಕೊಳ್ಳಬಹುದು. ಹೊರಡುವ ಮೊದಲೇ ಶಪಥಕ್ಕೆ ಮೋಸ ಮಾಡಿದವನು ಎನ್ನಿಸಿಕೊಳ್ಳುವುದು ಹೇಗೆ?

"ಇದರ ಬಗ್ಗೆ ನಾನು ಓದಿಕೊಂಡಿದ್ದೀನಿ. ತಾನಾಗೇ ಸರಿಹೋಗುತ್ತೆ!"

ಘಟ್ಟದಲ್ಲಿ ಇನ್ನೂ ಒಂಬತ್ತು ಎಡ ತಿರುವುಗಳಿದ್ದವು. ಪೀಂ! ಎದುರಿಗೆ ಬಂದ ಲಾರಿಯವನು ಸಂತೋಷದಿಂದ ತಿರುಗಿ ಹೊಡೆದ. ಪೀಂ! ರಸ್ತೆ ಕೆಲಸದ ಹೆಂಗಸು ಗುದ್ದಲಿ ಎತ್ತಿ ಬೈದಳು. ಅವಳು ಬೈದದ್ದು ಹೆಚ್ಚೂಕಡಿಮೆ ನನ್ನ ಅಂಕಣದ ಭಾಷೆಯಲ್ಲೇ. ಪೀಂ! ಬಂಡೆಗಳೆಲ್ಲ ಅದನ್ನೇ ತಿರುಗಿ ಹೇಳಿದವು. ಮುಳ್ಳು ಕಿಟಕಿಯ ಹೊರಗೆ ನೋಡುತ್ತ ಚಹಾ ಕುಡಿಯುತ್ತಿದ್ದ.

ಕೊನೆಯ ತಿರುವು ಮುಗಿದಾಗ ಸಮುದ್ರ ಕಂಡಿತು. ಬಿಸಿಲಿಗೆ ಹಾಸಿಟ್ಟ ತಗಡಿನ ಹಾಗೆ, ಆಕಾಶದ ಅಂಚಿನವರೆಗೆ ಹೊಳಪು. ಉಪ್ಪಿನ ಗಾಳಿ ಮುಖಕ್ಕೆ ಹೊಡೆಯಿತು. ಬೇರೆ ದಿನವಾಗಿದ್ದರೆ ನಾನು ನಿಲ್ಲಿಸಿ ಎರಡು ಪುಟ ಬರೆಯುತ್ತಿದ್ದೆ. ಈಗ ತಲೆಯಲ್ಲಿದ್ದದ್ದು ಒಂದೇ. ಎಡಕ್ಕೆ ತಿರುಗಿದರೆ ಕೂಗುತ್ತದೆ. ಹಾಗಾದರೆ ಎಡಕ್ಕೆ ತಿರುಗುವುದೇ ಬೇಡ! ನಿರ್ಧಾರವೆಂದರೆ ನಿರ್ಧಾರ!

ಊರು ಬಂತು. ಮೀನಿನ ಬುಟ್ಟಿಗಳು, ಒಣಗಲು ಹಾಕಿದ ಬಲೆಗಳು, ಇಕ್ಕಟ್ಟಿನ ಬೀದಿಗಳು. ದಾರಿ ಕೇಳಲು ಮುಳ್ಳು ಇಳಿದುಹೋಗಿ ಬಂದ.

"ಕ್ಷೌರದಂಗಡಿ ಹತ್ರ ಎಡಕ್ಕೆ. ಅಲ್ಲೇ ಶಾಲೆ."

ನಾನು ನೇರ ಹೋದೆ.

"ಎಡಕ್ಕೆ ಅಂದೆ."

"ಮೂರು ಸಲ ಬಲಕ್ಕೆ ಹೋದ್ರೆ ಎಡಕ್ಕೆ ಹೋದ ಹಾಗೇ. ಗಣಿತ!"

"ನೀನು ಯಾವಾಗ ಪಕ್ಷ ಬದಲಾಯಿಸಿದೆ?"

ಗಣಿತ ಸರಿಯಿತ್ತು, ಊರು ಸರಿಯಿರಲಿಲ್ಲ. ಮೂರನೆಯ ಬಲಕ್ಕೆ ಗೋಡೆ ಬಂತು. ಇನ್ನೊಂದು ಸುತ್ತಿಗೆ ಮಂಜುಗಡ್ಡೆ ಕಾರ್ಖಾನೆಯ ಅಂಗಳಕ್ಕೆ ಹೋದೆವು. ಮತ್ತೊಂದು ಸುತ್ತಿಗೆ ಯಾರದೋ ಒಗೆದ ಸೀರೆಯನ್ನು ಕನ್ನಡಿಗೆ ಸಿಕ್ಕಿಸಿಕೊಂಡು ಬಂದೆವು. ನಾಲ್ಕನೇ ಸಲ ಕ್ಷೌರದಂಗಡಿ ದಾಟುವಾಗ ಅಂಗಡಿಯವನು ಕುರ್ಚಿಯನ್ನೇ ಹೊರಗೆ ಹಾಕಿಕೊಂಡು ಕೂತಿದ್ದ. ಅರ್ಧ ಗಡ್ಡದ ಗಿರಾಕಿ ಪಕ್ಕದಲ್ಲಿ ನಿಂತಿದ್ದ. ಐದನೇ ಸಲ ಇಬ್ಬರೂ ಕೈ ಬೀಸಿದರು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕೊನೆಗೂ ಶಾಲೆಯ ಬೀದಿ ಸಿಕ್ಕಿತು. ಬಲದಿಂದಲೇ ಬಂದಿದ್ದೆ! ಎದೆಯುಬ್ಬಿಸಿ ಮುಂದೆ ನೋಡಿದೆ. ಅರವತ್ತು ಮಕ್ಕಳು ಎರಡು ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬರ ತುಟಿಯ ಮೇಲೂ ಒಂದು ಬೆರಳು. ನಡುವೆ ಒಂದು ಹಲಗೆ: 'ಮೌನ ಯಾತ್ರಿಕರಿಗೆ ಮೌನ ಸ್ವಾಗತ'. ಒಂದು ಕೆಮ್ಮೂ ಇಲ್ಲ. ಅಲೆಯ ಸದ್ದು ಮಾತ್ರ.

ಶಾಲೆಯ ಗೇಟು ಎಡಕ್ಕಿತ್ತು.

ಮುಂದಕ್ಕೆ ಹೋಗೋಣವೆಂದರೆ ಮೀನಿನ ಲಾರಿ ಅಡ್ಡ. ಹಿಂದಕ್ಕೆ ಹೋಗೋಣವೆಂದರೆ ಕ್ಷೌರದಂಗಡಿಯವನೂ ಅರ್ಧ ಗಡ್ಡದವನೂ ನಡೆದು ಬರುತ್ತಿದ್ದರು. ಅವರಿಗೂ ಮನೋಬಲದ ಭಾಷಣ ಕೇಳಬೇಕಿತ್ತೇನೋ! ಕಣ್ಣು ಮುಚ್ಚಿ, ಉಸಿರು ಹಿಡಿದು, ಒಂದೊಂದೇ ಇಂಚು ಎಡಕ್ಕೆ ತಿರುಗಿಸಿದೆ.

ಪೀಂಂಂಂಂಂಂಂಂ!

ಈ ಸಲ ನಿಲ್ಲಲಿಲ್ಲ. ಸ್ಟೀರಿಂಗ್ ನೆಟ್ಟಗೆ ಮಾಡಿದೆ, ನಿಲ್ಲಲಿಲ್ಲ. ಬಲಕ್ಕೆ ತಿರುಗಿಸಿದೆ, ನಿಲ್ಲಲಿಲ್ಲ. ಕೀಲಿ ತೆಗೆದೆ, ಆಗಲೂ ನಿಲ್ಲಲಿಲ್ಲ! ವೈರಿನ ತುದಿ ಎಲ್ಲೋ ಕಚ್ಚಿ ಕೂತುಬಿಟ್ಟಿತ್ತು. ಮಕ್ಕಳು ತುಟಿಯ ಮೇಲಿನ ಬೆರಳುಗಳನ್ನು ಕಿವಿಗೆ ವರ್ಗಾಯಿಸಿದರು. ಹೆಡ್ ಮೇಡಂ ಹಾರ ಹಿಡಿದು ಕಲ್ಲಾಗಿದ್ದರು. ನಾನು ಕೆಳಗಿಳಿದೆ.

ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಹತ್ತಿರ ಬಂದು ಕೂಗಿದಳು: "ಅಂಕಲ್! ನೀವು ಒತ್ತಲಿಲ್ಲ! ನಾನು ನೋಡ್ದೆ! ಅದಾಗೇ ಹೊಡ್ಕೊಂಡಿದ್ದು, ಅಲ್ವಾ?"

ಪುಣ್ಯಾತ್ಗಿತ್ತಿ! ಎಂಥ ಬಾಗಿಲು ತೆರೆದುಕೊಟ್ಟಳು! 'ಹೌದು' ಎಂದರೆ ಮುಗಿಯಿತು. ಅವಳೇ ಸಾಕ್ಷಿ. ಅರವತ್ತು ಮಕ್ಕಳು ನಂಬುತ್ತಾರೆ. ಹಾರ ಬೀಳುತ್ತದೆ. ನನ್ನ ಬಾಯಿ 'ಹೌ' ಎಂಬವರೆಗೆ ಹೋಗಿತ್ತು. ಆ ನೀರಿನ ಅಧಿಕಾರಿಯ ಮುಖ ಎದುರಿಗೆ ಬಂದು ನಿಂತಿತು. ಅವನು ನಗುತ್ತಿದ್ದ.

"ಇಲ್ಲಮ್ಮಾ!" ಹಾರ್ನಿನ ಸದ್ದನ್ನೂ ಮೀರಿ ಕೇಳಿಸಬೇಕಲ್ಲ, ಗಂಟಲು ಹರಿಯುವಂತೆ ಕೂಗಿದೆ. "ವೈರು ಕತ್ತರಿಸಿದ್ದು ನಾನೇ! ಹೊರಡೋಕೆ ಮೊದಲೇ!"

"ಯಾಕೇ?"

"ನನ್ನ ಕೈ ಮೇಲೆ ನನಗೇ ನಂಬಿಕೆ ಇರಲಿಲ್ಲ!" ಎಂದು ಗೆಳೆಯನ ಕಡೆ ತಿರುಗಿದೆ. "ಲೋ ಮುಳ್ಳು! ನನಗೆ ಇದು ಗೊತ್ತಾಗ್ತಿಲ್ಲ ಕಣೋ! ದಯವಿಟ್ಟು ನೀನೇ ನೋಡೋ!"

ಮುಳ್ಳು ಬೆಳಗಿನಿಂದ ಇದೊಂದೇ ಮಾತಿಗೆ ಕಾಯುತ್ತಿದ್ದವನಂತೆ ಬಗ್ಗಿದ. ಕವರು ತೆಗೆದ. ವೈರು ಹಿಡಿದ. ಜೇಬಿನಿಂದ ಕಪ್ಪು ಟೇಪಿನ ಸುರುಳಿ ತೆಗೆದು ಎರಡು ಸುತ್ತು ಸುತ್ತಿದ. ಹಾರ್ನ್ ಥಟ್ಟನೆ ನಿಂತಿತು. ನಾನು ಮಾತ್ರ ಇನ್ನೂ ಕೂಗುತ್ತಲೇ ಇದ್ದೆ:

"ಮನೋಬಲ ಅನ್ನೋದು ನನಗೆ ಒಂಚೂರೂ ಇಲ್ಲ!"

ಸ್ಪಷ್ಟವಾಗಿ, ಇಡೀ ಬೀದಿಗೆ ಕೇಳಿಸಿತು. ಮೀನಿನ ಲಾರಿಯವನೂ ಇಳಿದು ಬಂದ.

ಹೆಡ್ ಮೇಡಂ ಹಾರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಭಾಷಣ ಚಿಕ್ಕದಾಯ್ತು," ಎಂದರು. "ಆದ್ರೆ ಮಕ್ಕಳು ಮರೆಯೋದಿಲ್ಲ. ಬನ್ನಿ, ನೀರು ಕುಡೀರಿ." ಹಾರ ಎರಡು ಜಡೆಯ ಹುಡುಗಿಯ ಕೊರಳಿಗೆ ಹೋಯಿತು. ಸರಿಯಾಗಿಯೇ ಹೋಯಿತು.

ನೀರು ಕುಡಿಯುತ್ತ ಮುಳ್ಳನ್ನು ಹಿಡಿದೆ. "ಬೆಳಗಿನಿಂದ ಟೇಪು ಜೇಬಲ್ಲೇ ಇತ್ತೇನೋ, ದ್ರೋಹಿ?"

"ಅತ್ತಿಗೆ ಕೊಟ್ರು. ಕತ್ತರಿ ಬಾಯಿಗೆ ಹಲ್ಲು ಬಿದ್ದಿತ್ತಂತೆ, ತಾಮ್ರದ ಪುಡಿ ಬೇರೆ. 'ಎಲ್ಲೋ ವೈರು ಕತ್ತರಿಸಿದ್ದಾರೆ ಅಣ್ಣ. ಅವರಾಗಿ ಬಾಯಿಬಿಟ್ಟು ಕೇಳಿದ್ರೆ ಮಾತ್ರ ಕೊಡಿ' ಅಂದ್ರು. ನಾನು ಮೂವತ್ತು ವರ್ಷದಿಂದ ಕಾಯ್ತಿದ್ದೆ, ನೀನು ಯಾರನ್ನಾದ್ರೂ ಏನಾದ್ರೂ ಕೇಳೋದನ್ನ. ಇನ್ನೊಂದು ದಿನ ದೊಡ್ಡದಾ?"

ಕೊಟ್ಟ ಮಾತಿನಂತೆ ನಾಲ್ಕು ವಾರ ಈ ಜಾಗವನ್ನು ಖಾಲಿ ಬಿಟ್ಟದ್ದನ್ನು ನೀವು ಗಮನಿಸಿರುತ್ತೀರಿ. ಮೆಚ್ಚಿ ಆರು ಪತ್ರಗಳು ಬಂದವಂತೆ. ಅಂಕಣ ಇಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ ಎಂದು ಒಬ್ಬರು ಬರೆದಿದ್ದರು.

ಆದರೆ ನನಗೆ ನಿಜವಾದ ತೀರ್ಪು ಸಿಕ್ಕಿದ್ದು ಮರುದಿನ ಮಧ್ಯಾಹ್ನ, ಮನೆಯ ಬಾಗಿಲಲ್ಲಿ. ಹೆಂಡತಿ ಕತ್ತರಿಯನ್ನು ಸಾಣೆಗೆ ಕೊಡಲು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ: "ಈ ಕಾರು ಕಂಪನಿಯವರಿಗೆ ನಾಚಿಕೆ ಬೇಡವಾ? ಒಂದು ವೈರು ಕತ್ತರಿಸಿದ್ರೆ ಹೀಗೆ ಕೂಗೋದಾ? ಆ ರಸ್ತೆ ಮಾಡಿದ ಗುತ್ತಿಗೆದಾರ ಯಾರು? ನಾಲ್ಕು ವಾರ ಕಳೀಲಿ, ಒಬ್ಬೊಬ್ಬರನ್ನೂ..."

ಅವಳು ನನ್ನತ್ತ ನೋಡಲೇ ಇಲ್ಲ. ನನ್ನ ಹಿಂದೆ ನಿಂತಿದ್ದ ಮುಳ್ಳನ್ನು ಕೇಳಿದಳು:

"ಅಣ್ಣಾ, ಟೇಪು ಉಳೀತಾ?"

"ಮುಕ್ಕಾಲು ಸುರುಳಿ ಇದೆ ಅತ್ತಿಗೆ."

"ಇಲ್ಲಿ ಕೊಡಿ. ಮನೇಲಿ ಇನ್ನೊಂದು ಹಾರ್ನ್ ಇದೆ."